ಗಿರಾಕಿ ಕೇಳುತ್ತಾರೆ: ‘ನನ್ನ ನಂಬರ್ ಅವರಿಗೆ ಹೇಗೆ ಸಿಕ್ತು?’

ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮದು ಜವಳಿ ಅಂಗಡಿ, ತಂದೆಯವರ ಕಾಲದ್ದು. ಈಗ ಹರಿಹರ, ಚಿತ್ರದುರ್ಗ ಸೇರಿ ಮೂರು ಬ್ರಾಂಚ್ ಇವೆ. ಬಿಲ್ ಮಾಡುವಾಗ ಮೊಬೈಲ್ ನಂಬರ್ ಕೇಳುತ್ತೇವೆ. ಹೀಗೆ ಸೇರಿದ ನಂಬರ್‌ಗಳು ಸುಮಾರು 14 ಸಾವಿರ. ಹಬ್ಬಕ್ಕೆ, ಲಗ್ನದ ಸೀಸನ್‌ಗೆ ವಾಟ್ಸಾಪ್‌ನಲ್ಲಿ ಆಫರ್ ಕಳಿಸುತ್ತೇವೆ. ಕಳೆದ ತಿಂಗಳು ಒಬ್ಬ ತಾಯಿ ಮಗಳ ಮದುವೆಗೆ ಜವಳಿ ತೆಗೆದುಕೊಂಡು ಹೋದರು. ವಾರದೊಳಗೆ ಅವರಿಗೆ ಫೋಟೋಗ್ರಾಫರ್, ಡೆಕೋರೇಷನ್‌ನವರು, ಅಡುಗೆ ಕಂಟ್ರಾಕ್ಟರ್ ಸಾಲಾಗಿ ಫೋನ್ ಮಾಡಿದ್ದಾರೆ. ‘ಮಗಳ ಮದುವೆ ತಾರೀಖು ಸಮೇತ ಅವರಿಗೆ ಗೊತ್ತಿತ್ತು. ಆ ತಾರೀಖು ಹೇಳಿದ್ದು ನಿಮ್ಮ ಅಂಗಡಿಯಲ್ಲಿ ಮಾತ್ರ’ ಎಂದು ಇಮೇಲ್ ಬರೆದಿದ್ದಾರೆ. ನಮ್ಮ ಬಳಿ ಅವರ ಏನೇನು ಮಾಹಿತಿ ಇದೆ, ಯಾರಿಗೆ ಕೊಟ್ಟಿದ್ದೇವೆ ಎಂದು ತಿಳಿಸಬೇಕಂತೆ. ಎಲ್ಲವನ್ನೂ ಅಳಿಸಬೇಕಂತೆ. ಇಲ್ಲದಿದ್ದರೆ ದೂರು ಕೊಡುತ್ತಾರಂತೆ, 250 ಕೋಟಿ ದಂಡ ಬೀಳುತ್ತದಂತೆ. ನಮ್ಮ ವಕೀಲರು ‘ಉತ್ತರ ಕೊಟ್ಟರೆ ತಪ್ಪು ಒಪ್ಪಿಕೊಂಡ ಹಾಗೆ, ಸುಮ್ಮನಿರಿ’ ಎಂದರು. ಆಡಿಟರ್ ‘ಬಿಲ್ ಅಳಿಸುವ ಹಾಗಿಲ್ಲ’ ಎಂದರು. ಬಿಲ್ಲಿಂಗ್ ಸಾಫ್ಟ್‌ವೇರ್‌ನ ಹುಡುಗ 85 ಸಾವಿರ ಕೊಟ್ಟರೆ ಪ್ರೈವಸಿ ಸರ್ಟಿಫಿಕೇಟ್ ಮಾಡಿಸಿಕೊಡುತ್ತೇನೆ ಎನ್ನುತ್ತಾನೆ. ಈಗ ಏನು ಮಾಡಲಿ? ಮುಂದೆ ಇಂಥ ದೂರು ಬಂದರೆ ಎದುರಿಸಲು ಹೇಗೆ ತಯಾರಾಗಿರಬೇಕು?

ಉತ್ತರ: ಮೂವರಲ್ಲಿ ನಿಮ್ಮ ಆಡಿಟರ್ ಹೇಳಿದ್ದು ಅರ್ಧ ಸರಿ. ವಕೀಲರ ಸಲಹೆ ಬೇರೆ ಕಡೆ ಸರಿಯಿರಬಹುದು, ಇಲ್ಲಿ ತಪ್ಪು. ಸಾಫ್ಟ್‌ವೇರ್ ಹುಡುಗನದು ವ್ಯಾಪಾರ.

ನಿಮ್ಮ ನಿದ್ದೆ ಕೆಡಿಸಿರುವುದು 250 ಕೋಟಿಯ ಮಾತು ಎಂದು ಗೊತ್ತಾಗುತ್ತದೆ. ಆದರೆ ನಿಮ್ಮ ಪತ್ರ ಓದುವಾಗ ನಾನು ನಿಂತದ್ದು ಮದುವೆ ತಾರೀಖಿನ ಹತ್ತಿರ. ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿ ಹೆಸರು, ನಂಬರ್, ಸೀರೆಯ ರೇಟು ಇರುತ್ತದೆ. ಮದುವೆ ತಾರೀಖು ಎಲ್ಲಿರುತ್ತದೆ? ಒಂದು ಸಲ ಯೋಚಿಸಿ. ಸೀರೆಗೆ ಕುಚ್ಚು ಕಟ್ಟಿಸಲು, ಫಾಲ್ಸ್ ಹಾಕಿಸಲು, ಬ್ಲೌಸ್ ಹೊಲಿಸಲು ತೆಗೆದುಕೊಳ್ಳುವಾಗ ನಿಮ್ಮವರು ‘ಲಗ್ನ ಯಾವಾಗ ಅಮ್ಮಾ?’ ಎಂದು ಕೇಳುತ್ತಾರೆ. ಡೆಲಿವರಿ ತಾರೀಖು ಹಾಕಬೇಕಲ್ಲ, ಅದಕ್ಕೆ. ಅದನ್ನು ಒಂದು ಆರ್ಡರ್ ಪುಸ್ತಕದಲ್ಲಿ ಬರೆಯುತ್ತಾರೆ. ಆ ಪುಟದ ಫೋಟೋ ತೆಗೆದು ಕುಚ್ಚು ಕಟ್ಟುವವರಿಗೋ ಟೈಲರ್‌ಗೋ ವಾಟ್ಸಾಪ್ ಮಾಡುತ್ತಾರೆ. ಒಂದೇ ಪುಟದಲ್ಲಿ ಹತ್ತು ಮನೆಯ ಹೆಸರು, ನಂಬರ್, ಲಗ್ನದ ತಾರೀಖು. ಡೆಕೋರೇಷನ್ ವ್ಯಾಪಾರದವನಿಗೆ ಇದಕ್ಕಿಂತ ಒಳ್ಳೆಯ ಪಟ್ಟಿ ಎಲ್ಲಿ ಸಿಗಬೇಕು?

ಇದು ನನ್ನ ಊಹೆ. ಆದರೆ ಬರೀ ಗಾಳಿಯ ಊಹೆಯಲ್ಲ. ಸಣ್ಣ, ಮಧ್ಯಮ ಅಂಗಡಿಗಳ ಇಂಥ ದೂರುಗಳನ್ನು ನೋಡುತ್ತಾ ಬಂದಿದ್ದೇನೆ. ಮಾಲೀಕರು ಮೊದಲು ಹೇಳುವುದು ‘ನಮ್ಮ ಕಂಪ್ಯೂಟರ್ ಹ್ಯಾಕ್ ಆಗಿರಬೇಕು’ ಎಂದೇ. ಹುಡುಕುತ್ತಾ ಹೋದರೆ ಸೋರಿಕೆ ಗಲ್ಲಾದ ಸುತ್ತಮುತ್ತಲೇ ಸಿಗುತ್ತದೆ: ಒಂದು ಪುಸ್ತಕ, ಒಂದು ವಾಟ್ಸಾಪ್ ಗ್ರೂಪ್, ಕೆಲಸ ಬಿಟ್ಟು ಹೋದ ಹುಡುಗನ ಫೋನು. ಒಬ್ಬರ ಅಂಗಡಿಯಲ್ಲಿ ದೀಪಾವಳಿ ಲಕ್ಕಿ ಡ್ರಾ ಕೂಪನ್‌ಗಳನ್ನು ಡ್ರಾ ಮುಗಿದ ಮೇಲೆ ಗೋಣಿಚೀಲದಲ್ಲಿ ತುಂಬಿ ರದ್ದಿಗೆ ಹಾಕಿದ್ದರು, ಹೆಸರು ವಿಳಾಸ ಸಮೇತ!

ಈಗ 250 ಕೋಟಿಗೆ ಬರೋಣ. ಅದು ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ, 2023ರಲ್ಲಿ ಇರುವ ಅಂಕಿ. ಗ್ರಾಹಕರ ಮಾಹಿತಿ ಕಾಪಾಡಲು ತಕ್ಕಮಟ್ಟಿನ ಭದ್ರತೆ ಇಡದಿದ್ದರೆ ಹಾಕಬಹುದಾದ ದಂಡದ ಮೇಲ್ಮಿತಿ ಅದು. ‘250 ಕೋಟಿಯವರೆಗೆ’ ಎಂಬುದರಲ್ಲಿ ‘ವರೆಗೆ’ ಎಂಬ ಪದವನ್ನು ಎಲ್ಲರೂ ನುಂಗಿಬಿಡುತ್ತಾರೆ. ದಂಡ ಹಾಕುವ ಅಧಿಕಾರ ಡೇಟಾ ಸಂರಕ್ಷಣಾ ಮಂಡಳಿಯದು. ವಿಚಾರಣೆ ಮಾಡಿ, ಉಲ್ಲಂಘನೆ ಗಂಭೀರ ಎಂದು ಕಂಡರೆ ಮಾತ್ರ ದಂಡ. ಆಗಲೂ ತಪ್ಪು ಎಷ್ಟು ದೊಡ್ಡದು, ಎಷ್ಟು ದಿನ ನಡೆಯಿತು, ಎಂಥ ಮಾಹಿತಿ, ಅದರಿಂದ ನಿಮಗೆ ಲಾಭವಾಯಿತಾ, ಮತ್ತೆ ಮತ್ತೆ ಮಾಡಿದಿರಾ ಎಂದು ತೂಗಿ ನೋಡಬೇಕು. ಗೊತ್ತಾದ ಮೇಲೆ ಸರಿಪಡಿಸಲು ಎಷ್ಟು ಬೇಗ ಏನು ಮಾಡಿದಿರಿ ಎಂಬುದೂ ಆ ಪಟ್ಟಿಯಲ್ಲಿದೆ. ನಿಮ್ಮ ವಕೀಲರಿಗೆ ಇದನ್ನು ತೋರಿಸಿ. ಸುಮ್ಮನಿದ್ದರೆ ‘ಬೇಗ ಏನು ಮಾಡಿದಿರಿ’ ಎಂಬ ಪ್ರಶ್ನೆಗೆ ನಿಮ್ಮ ಬಳಿ ಉತ್ತರವೇ ಇರುವುದಿಲ್ಲ.

ಇನ್ನೊಂದು ವಿಷಯ ನಿಮ್ಮ ಗಿರಾಕಿಗೂ ಗೊತ್ತಿರಲಿಕ್ಕಿಲ್ಲ. ಆ ದಂಡದ ಹಣ ಸರ್ಕಾರದ ಬೊಕ್ಕಸಕ್ಕೆ ಹೋಗುತ್ತದೆ. ದೂರು ಕೊಟ್ಟವರಿಗೆ ಒಂದು ರೂಪಾಯಿಯೂ ಸಿಗುವುದಿಲ್ಲ.

ಮತ್ತೆ, ಕಾಯ್ದೆಯ ಮುಖ್ಯ ಹೊಣೆಗಳು ಇನ್ನೂ ಜಾರಿಗೆ ಬಂದಿಲ್ಲ. 2023ರ ಆಗಸ್ಟ್‌ನಲ್ಲಿ ಕಾಯ್ದೆ ಆಯಿತು, ನಿಯಮಗಳು ಬಂದದ್ದು 2025ರ ನವೆಂಬರ್‌ನಲ್ಲಿ. ಮಂಡಳಿಗೆ ಸಂಬಂಧಿಸಿದ ಭಾಗ ಆಗಲೇ ಜಾರಿಗೆ ಬಂತು. ಒಪ್ಪಿಗೆ, ಭದ್ರತೆ, ದೂರು ಪರಿಹಾರದಂಥ ಹೊಣೆಗಳಿಗೆ ಹದಿನೆಂಟು ತಿಂಗಳ ಕಾಲಾವಕಾಶ ಕೊಟ್ಟಿದ್ದಾರೆ. ಆ ಲೆಕ್ಕದಲ್ಲಿ 2027ರ ಮೇ. ಲಗ್ನದ ಸೀಸನ್ ಮಧ್ಯದಲ್ಲೇ ಬರುತ್ತದೆ, ನೋಡಿ.

ಹಾಗಾದರೆ ಅಲ್ಲಿಯವರೆಗೆ ಆರಾಮಾ? ಇಲ್ಲ. ನಿಮಗೆ ಈಗ ತಾಗಬಹುದಾದದ್ದು ಗ್ರಾಹಕ ಸಂರಕ್ಷಣಾ ಕಾಯ್ದೆ, 2019. ಗ್ರಾಹಕರು ನಂಬಿಕೆಯಿಂದ ಕೊಟ್ಟ ವೈಯಕ್ತಿಕ ಮಾಹಿತಿಯನ್ನು ಬೇರೆಯವರಿಗೆ ಕೊಡುವುದು ಆ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಅದು ಈಗಲೇ ಜಾರಿಯಲ್ಲಿದೆ. ಆ ತಾಯಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ನೇರವಾಗಿ ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗಬಹುದು. ಅಲ್ಲಿ ಕೋಟಿಗಟ್ಟಲೆ ದಂಡದ ಮಾತಿಲ್ಲ, ಆದರೆ ಪರಿಹಾರದ ಹಣ ನೇರ ಅವರ ಕೈಗೇ ಸಿಗುತ್ತದೆ. ಊರಿನ ಬಾಯಿಗೂ ಬೀಳುತ್ತೀರಿ. ಬಿಲ್‌ಗೆ ಮೊಬೈಲ್ ನಂಬರ್ ಕೊಡಲೇಬೇಕು ಎಂದು ಪಟ್ಟು ಹಿಡಿಯುವುದೂ ತಪ್ಪು ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲೇ ಚಿಲ್ಲರೆ ವ್ಯಾಪಾರಿಗಳಿಗೆ ಹೇಳಿದೆ. ನಿಮ್ಮ ಗಲ್ಲಾದ ಹುಡುಗ ‘ನಂಬರ್ ಇಲ್ಲದೆ ಸಿಸ್ಟಮ್ ಮುಂದೆ ಹೋಗಲ್ಲ ಮೇಡಂ’ ಎನ್ನುತ್ತಾನಾ? ಹಾಗಿದ್ದರೆ ಇವತ್ತೇ ಆ ಸೆಟ್ಟಿಂಗ್ ತೆಗೆಸಿ.

ಅಂಗಡಿಯವರಲ್ಲಿ ಇರುವ ಕೆಲವು ನಂಬಿಕೆಗಳನ್ನು ಇಲ್ಲೇ ಬಿಡಿಸಿಬಿಡುತ್ತೇನೆ.

‘ನಂಬರ್ ಅವರೇ ಕೊಟ್ಟಿದ್ದು, ಅಂದರೆ ಒಪ್ಪಿಗೆ ಇದೆ.’ ಯಾವುದಕ್ಕೆ ಒಪ್ಪಿಗೆ ಎಂಬುದು ಮುಖ್ಯ. ಕಾಯ್ದೆಯಲ್ಲೇ ಒಂದು ಉದಾಹರಣೆ ಇದೆ. ಒಬ್ಬ ಮಹಿಳೆ ಔಷಧಿ ಅಂಗಡಿಯಲ್ಲಿ ಖರೀದಿ ಮಾಡಿ, ಹಣ ಬಂತು ಎಂದು ಮೆಸೇಜ್ ಕಳಿಸಿ ಎಂದು ತನ್ನ ನಂಬರ್ ಕೊಡುತ್ತಾಳೆ. ಅಂಗಡಿಯವರು ಆ ರಸೀದಿ ಕಳಿಸಲು ನಂಬರ್ ಬಳಸಬಹುದು. ಅಷ್ಟೇ. ಬಿಲ್‌ಗೆ ಕೊಟ್ಟ ನಂಬರ್ ಬಿಲ್‌ಗೆ. ಆಷಾಢದ ಆಫರ್‌ಗೆ ಬೇರೆಯೇ ಕೇಳಬೇಕು. ಡೆಕೋರೇಷನ್‌ನವರಿಗೆ ಕೊಡುವುದಂತೂ ದೂರದ ಮಾತು.

‘ನಮ್ಮದು ಕಾಗದದ ಪುಸ್ತಕ, ಡಿಜಿಟಲ್ ಕಾಯ್ದೆ ತಾಗಲ್ಲ.’ ಪುಸ್ತಕ ಪುಸ್ತಕವಾಗಿಯೇ ಇದ್ದರೆ ಈ ಮಾತು ಸರಿ. ಫೋಟೋ ಹೊಡೆದು ವಾಟ್ಸಾಪ್ ಮಾಡಿದ ಕ್ಷಣ ಅದು ಡಿಜಿಟಲ್. ಕೂಪನ್ ನೋಡಿ ಎಕ್ಸೆಲ್‌ನಲ್ಲಿ ಟೈಪ್ ಮಾಡಿದರೂ ಅಷ್ಟೇ.

‘ಇದೆಲ್ಲ ದೊಡ್ಡ ಕಂಪನಿಗಳಿಗೆ.’ ಕೆಲವು ಬಗೆಯ ಸಂಸ್ಥೆಗಳಿಗೆ, ಸ್ಟಾರ್ಟಪ್‌ಗಳಿಗೂ ಸೇರಿ, ಸರ್ಕಾರ ಅಧಿಸೂಚನೆ ಹೊರಡಿಸಿ ಕೆಲವು ವಿನಾಯಿತಿ ಕೊಡಬಹುದು. ಸಣ್ಣ ಅಂಗಡಿ ಎಂಬ ಕಾರಣಕ್ಕೇ ತಾನಾಗಿ ಸಿಗುವ ವಿನಾಯಿತಿ ಇಲ್ಲ.

‘ತಪ್ಪು ಮಾಡಿದ್ದು ಟೈಲರ್, ನಾವಲ್ಲ.’ ನಿಮ್ಮ ಪರವಾಗಿ ಕೆಲಸ ಮಾಡುವವರ ಕೈಯಲ್ಲಿ ಮಾಹಿತಿ ಏನಾದರೂ ಕಾಯ್ದೆ ಹಿಡಿಯುವುದು ನಿಮ್ಮನ್ನೇ. ಗಿರಾಕಿಗೂ ಟೈಲರ್ ಯಾರೆಂದು ಗೊತ್ತಿಲ್ಲ. ಅವರಿಗೆ ಗೊತ್ತಿರುವುದು ನಿಮ್ಮ ಬೋರ್ಡ್ ಒಂದೇ.

ಸರಿ, ಈಗ ಆ ಇಮೇಲ್. ನಿಮ್ಮ ಮುಂದೆ ಮೂರ್ನಾಲ್ಕು ದಾರಿಗಳಿವೆ.

ವಕೀಲರು ಹೇಳಿದಂತೆ ಸುಮ್ಮನಿರಬಹುದು. ಒಂದೊಂದು ಸಲ ಗಿರಾಕಿ ಮರೆತೂ ಬಿಡುತ್ತಾರೆ, ಸುಳ್ಳು ಹೇಳಲಾರೆ. ಆದರೆ ಮಗಳ ಮದುವೆಯ ತಾರೀಖು ಬೀದಿಗೆ ಬಿತ್ತು ಎಂದು ಸಿಟ್ಟಾದ ತಾಯಿ ಮರೆಯುವುದು ಕಡಿಮೆ. ಹೊಸ ಕಾಯ್ದೆ ಪೂರ್ತಿ ಜಾರಿಯಾದ ಮೇಲೆ ಗಿರಾಕಿ ಮೊದಲು ನಿಮಗೇ ದೂರು ಕೊಡಬೇಕು. ಅಲ್ಲಿ ಪರಿಹಾರ ಸಿಗದಿದ್ದರೆ ಮಂಡಳಿಗೆ ಹೋಗಬಹುದು. ಅಂದರೆ ಮೊದಲ ಅವಕಾಶ ನಿಮ್ಮದು. ನಿಯಮದ ಪ್ರಕಾರ ದೂರು ಬಗೆಹರಿಸಲು ಹೆಚ್ಚೆಂದರೆ 90 ದಿನ. ಸುಮ್ಮನಿರುವುದು ಎಂದರೆ ಆ ಅವಕಾಶವನ್ನು ಕೈಯಾರೆ ಕಳೆದುಕೊಳ್ಳುವುದು.

ಕೆಲವರು ಒಂದು ಗಿಫ್ಟ್ ವೋಚರ್ ಕೊಟ್ಟು ‘ದೂರು ಇಲ್ಲ’ ಎಂದು ಬರೆಸಿಕೊಳ್ಳುತ್ತಾರೆ. ನನಗೆ ಇದು ಇಷ್ಟವಿಲ್ಲ. ಸೀರೆಗೆ ಕಲೆ ಬಿದ್ದಿದ್ದರೆ ವೋಚರ್ ಸರಿ. ಇಲ್ಲಿ ಬಾಯಿ ಮುಚ್ಚಿಸುತ್ತಿದ್ದಾರೆ ಎಂದು ಅವರಿಗೆ ಅನಿಸುತ್ತದೆ. ಆ ವೋಚರ್‌ನ ಫೋಟೋ ಮರುದಿನ ಫೇಸ್‌ಬುಕ್‌ನಲ್ಲಿ ಇರುತ್ತದೆ.

ಇನ್ನು ಕೆಲವರು ಗಾಬರಿಯಲ್ಲಿ, ವಿಚಾರಿಸದೆಯೇ ‘ನಮ್ಮಿಂದ ಯಾವ ಮಾಹಿತಿಯೂ ಹೋಗಿಲ್ಲ’ ಎಂದು ಬರೆದುಬಿಡುತ್ತಾರೆ. ಎಲ್ಲಕ್ಕಿಂತ ಅಪಾಯದ ದಾರಿ ಇದು. ನಾಳೆ ಆ ಪುಟದ ಫೋಟೋ ಹೊರಬಂದರೆ, ಸೋರಿಕೆಯ ಜೊತೆ ಸುಳ್ಳೂ ಸೇರಿಕೊಳ್ಳುತ್ತದೆ.

ನಾನು ಹೇಳುವುದು ಎರಡು ಹಂತದ ಉತ್ತರ. ಮೊದಲನೆಯದು ಇವತ್ತೇ ಹೋಗಲಿ. ಅದರಲ್ಲಿ ತಪ್ಪೊಪ್ಪಿಗೆಯೂ ಬೇಡ, ನಿರಾಕರಣೆಯೂ ಬೇಡ. ಹೀಗಿರಬಹುದು: ‘ನಮಸ್ಕಾರ ಮೇಡಂ. ನಿಮ್ಮ ಇಮೇಲ್ ಓದಿದೆ. ಮನೆಯ ಶುಭಕಾರ್ಯದ ಹೊತ್ತಿಗೆ ಇಂಥ ಕಿರಿಕಿರಿ ಆಗಿದ್ದಕ್ಕೆ ಬೇಸರವಿದೆ. ನಿಮ್ಮ ಮಾಹಿತಿ ನಮ್ಮಲ್ಲಿ ಎಲ್ಲೆಲ್ಲಿ ಇದೆ, ಯಾರ ಕೈಗೆ ಹೋಗಿದೆ ಎಂದು ನಾನೇ ವಿಚಾರಿಸುತ್ತಿದ್ದೇನೆ. ಹತ್ತು ದಿನದೊಳಗೆ ಬರೆಯುತ್ತೇನೆ. ನಿಮಗೆ ಆಫರ್ ಮೆಸೇಜ್ ಕಳಿಸುವುದನ್ನು ಇವತ್ತಿನಿಂದಲೇ ನಿಲ್ಲಿಸಿದ್ದೇವೆ. ಫೋನ್ ಬಂದ ನಂಬರ್‌ಗಳು ನಿಮ್ಮ ಬಳಿ ಇದ್ದರೆ ದಯವಿಟ್ಟು ಕಳಿಸಿ, ಹುಡುಕಲು ಸಹಾಯವಾಗುತ್ತದೆ.’ ಕೆಳಗೆ ನಿಮ್ಮ ಹೆಸರು, ನಿಮ್ಮದೇ ನಂಬರ್ ಹಾಕಿ. ‘ಮ್ಯಾನೇಜ್‌ಮೆಂಟ್’ ಎಂದು ಹಾಕಬೇಡಿ. ವಕೀಲರಿಗೆ ತೋರಿಸಿಯೇ ಕಳಿಸಿ, ಅವರೂ ಇದಕ್ಕೆ ಬೇಡ ಎನ್ನುವುದಿಲ್ಲ ಅಂದುಕೊಳ್ಳುತ್ತೇನೆ.

ಎರಡನೆಯ ಉತ್ತರ ವಿಚಾರಣೆ ಆದ ಮೇಲೆ. ಅದರಲ್ಲಿ ಮೂರು ವಿಷಯ ಇರಬೇಕು: ನಿಮ್ಮಲ್ಲಿ ಅವರ ಯಾವ ಮಾಹಿತಿ ಇತ್ತು, ಅದು ಹೇಗೆ ಹೊರಗೆ ಹೋಯಿತು (ಗೊತ್ತಾಗದಿದ್ದರೆ ಎಲ್ಲೆಲ್ಲಿ ನೋಡಿದಿರಿ), ಏನನ್ನು ಅಳಿಸಿದಿರಿ ಮತ್ತು ಏನನ್ನು ಏಕೆ ಇಟ್ಟುಕೊಂಡಿದ್ದೀರಿ.

ಅಳಿಸುವ ವಿಷಯದಲ್ಲಿ ನಿಮ್ಮ ಆಡಿಟರ್ ಮಾತು ಬರುತ್ತದೆ. ಜಿಎಸ್‌ಟಿ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್‌ನ ಕೊನೆಯ ದಿನಾಂಕದಿಂದ 72 ತಿಂಗಳು ಇಡಬೇಕು. ಆದ್ದರಿಂದ ಬಿಲ್ ಅಳಿಸುವ ಹಾಗಿಲ್ಲ, ನಿಜ. ಬೇರೆ ಕಾನೂನು ಇಟ್ಟುಕೊಳ್ಳಲು ಹೇಳಿದ್ದನ್ನು ಅಳಿಸಿ ಎಂದು ಡೇಟಾ ಕಾಯ್ದೆಯೂ ಹೇಳುವುದಿಲ್ಲ. ಆದರೆ ಬಿಲ್ ಇಡುವುದು ಬೇರೆ, ಬಿಲ್‌ನ ನೆಪದಲ್ಲಿ ಎಲ್ಲವನ್ನೂ ಇಡುವುದು ಬೇರೆ. ಜಿಎಸ್‌ಟಿ ನೋಂದಣಿ ಇಲ್ಲದ ಸಾಮಾನ್ಯ ಗಿರಾಕಿಗೆ 50 ಸಾವಿರಕ್ಕಿಂತ ಕಡಿಮೆ ಬಿಲ್ ಮಾಡುವಾಗ ಹೆಸರು, ವಿಳಾಸ ಹಾಕಲೇಬೇಕು ಎಂದಿಲ್ಲ. ಅವರಾಗಿ ಕೇಳಿದರೆ ಹಾಕಬೇಕು, ಅಷ್ಟೇ. ಮದುವೆ ಜವಳಿ 50 ಸಾವಿರ ದಾಟಿದ್ದರೆ ಹೆಸರು ವಿಳಾಸ ಇರಲಿ. ಆಫರ್ ಪಟ್ಟಿಯಲ್ಲಿನ ನಂಬರ್, ಆರ್ಡರ್ ಪುಸ್ತಕದ ಫೋಟೋ, ಹುಟ್ಟಿದಹಬ್ಬದ ತಾರೀಖು, ಸೀರೆ ಉಡಿಸಿ ತೆಗೆದ ಫೋಟೋ, ಇವಕ್ಕೂ ಜಿಎಸ್‌ಟಿಗೂ ಏನು ಸಂಬಂಧ? ಒಂದು ಎಚ್ಚರಿಕೆ ಮಾತ್ರ. ವಿಚಾರಣೆ ಮುಗಿಯುವ ಮೊದಲು ಯಾವುದನ್ನೂ ಅಳಿಸಬೇಡಿ. ಮಾಹಿತಿ ಹೇಗೆ ಹೋಯಿತು ಎಂಬ ಸಾಕ್ಷಿಯೂ ಅದರ ಜೊತೆಗೇ ಅಳಿಸಿ ಹೋಗುತ್ತದೆ. ಹೊಸ ನಿಯಮಗಳಲ್ಲೂ ಕೆಲವು ದಾಖಲೆ, ಲಾಗ್‌ಗಳನ್ನು (ಮಾಹಿತಿಯನ್ನು ಯಾರು, ಯಾವಾಗ ತೆರೆದರು ಎಂದು ಕಂಪ್ಯೂಟರ್ ಬರೆದಿಡುವ ದಾಖಲೆ) ಕನಿಷ್ಠ ಒಂದು ವರ್ಷ ಇಡಬೇಕೆಂದಿದೆ. ಹಾಗಾಗಿ 2027ರ ಮೇ ನಂತರ ‘ಕೇಳಿದ ತಕ್ಷಣ ಎಲ್ಲ ಅಳಿಸಿದೆವು’ ಎಂದು ಹೇಳುವುದೂ ಅಷ್ಟು ಸರಳ ಇರುವುದಿಲ್ಲ. ಬಳಸುವುದನ್ನು ಮೊದಲು ನಿಲ್ಲಿಸಿ, ಅಳಿಸುವುದು ಆಮೇಲೆ.

ಮುಂದಿನ ತಯಾರಿ ಹೇಗೆ ಎಂದಿರಿ. ಒಂದು ಭಾನುವಾರ ಅಂಗಡಿ ಬಾಗಿಲು ಹಾಕಿದ ಮೇಲೆ ಮೂರೂ ಬ್ರಾಂಚ್‌ನ ಮ್ಯಾನೇಜರ್‌ಗಳನ್ನು ಕೂರಿಸಿಕೊಳ್ಳಿ. ಒಬ್ಬ ಗಿರಾಕಿ ಬಾಗಿಲೊಳಗೆ ಬಂದಲ್ಲಿಂದ ಕುಚ್ಚು ಕಟ್ಟಿದ ಸೀರೆ ಒಯ್ಯುವವರೆಗೆ ಅವರ ಹೆಸರು, ನಂಬರ್ ಎಲ್ಲೆಲ್ಲಿ ಬೀಳುತ್ತದೆ ಎಂದು ಬರೆಯುತ್ತಾ ಹೋಗಿ. ಬಿಲ್ಲಿಂಗ್ ಸಾಫ್ಟ್‌ವೇರ್, ಅದರ ಬ್ಯಾಕಪ್, ಎಕ್ಸೆಲ್ ಶೀಟ್, ಆರ್ಡರ್ ಪುಸ್ತಕ, ಹುಡುಗರ ಸ್ವಂತ ಫೋನ್‌ಗಳು, ಸಿಸಿಟಿವಿ, ಕೊರಿಯರ್ ಚೀಟಿ. ಐದಾರು ಜಾಗ ಇರಬಹುದು ಎಂದುಕೊಂಡು ಕೂತವರು ಹದಿನೈದು ಇಪ್ಪತ್ತು ಜಾಗ ಬರೆದು ಏಳುತ್ತಾರೆ. ಪ್ರತಿಯೊಂದರ ಮುಂದೆ ‘ಇದು ಯಾಕೆ ಬೇಕು, ಯಾರು ನೋಡುತ್ತಾರೆ, ಯಾವಾಗ ಬಿಸಾಕುತ್ತೇವೆ’ ಎಂದು ಬರೆಯಿರಿ. ‘ಯಾಕೆ ಬೇಕು’ ಎಂಬುದಕ್ಕೆ ಉತ್ತರ ಸಿಗದಿದ್ದನ್ನು ತೆಗೆದುಕೊಳ್ಳುವುದನ್ನೇ ಬಿಡಿ. 85 ಸಾವಿರದ ಸರ್ಟಿಫಿಕೇಟ್‌ಗಿಂತ ಈ ಎರಡು ಹಾಳೆ ನಿಮ್ಮನ್ನು ಜಾಸ್ತಿ ಕಾಪಾಡುತ್ತವೆ. ಅಂದ ಹಾಗೆ, ಅಂಗಡಿಗಳಿಗೆ ಸರ್ಟಿಫಿಕೇಟ್ ಕೊಡುವ ವ್ಯವಸ್ಥೆ ಈ ಕಾಯ್ದೆಯಲ್ಲಿ ಇಲ್ಲವೇ ಇಲ್ಲ. ಗೋಡೆಗೆ ಹಾಕಲು ಚೆನ್ನಾಗಿರುತ್ತದೆ, ಅಷ್ಟೇ.

ಆರ್ಡರ್ ಪುಸ್ತಕಕ್ಕೆ ಉಪಾಯ ಸುಲಭ. ಕುಚ್ಚು ಕಟ್ಟುವವರಿಗೆ ಗಿರಾಕಿಯ ಹೆಸರು ಯಾಕೆ? ಟೋಕನ್ ನಂಬರ್, ಬಣ್ಣ, ಡೆಲಿವರಿ ತಾರೀಖು ಸಾಕು. ಡೆಲಿವರಿ ತಾರೀಖು ಎಂದರೆ ಸೀರೆ ವಾಪಸ್ ಬರಬೇಕಾದ ದಿನ, ಲಗ್ನದ ದಿನ ಅಲ್ಲ. ಟೋಕನ್ ಯಾರದು ಎಂಬುದು ನಿಮ್ಮ ಗಲ್ಲಾದಲ್ಲಿ ಇರಲಿ.

ವಾಟ್ಸಾಪ್ ಆಫರ್ ಬಗ್ಗೆಯೂ ಒಂದು ಮಾತು. ಗಿರಾಕಿಗಳನ್ನು ಗ್ರೂಪ್‌ಗಳಿಗೆ ಸೇರಿಸಿದ್ದೀರಾ? ಹಾಗಿದ್ದರೆ ಒಬ್ಬರ ನಂಬರ್ ಉಳಿದವರೆಲ್ಲರಿಗೂ ಕಾಣುತ್ತಿದೆ. ಅದೇ ಒಂದು ಸೋರಿಕೆ. ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ ಒಂದೇ ಮೆಸೇಜ್ ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಹೋಗುತ್ತದೆ, ಆ ತೊಂದರೆ ಇಲ್ಲ. ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಮೆಸೇಜ್ ತಲುಪುತ್ತದೆ. 14 ಸಾವಿರ ಇದ್ದದ್ದು ಮೂರು ಸಾವಿರಕ್ಕೆ ಇಳಿಯಿತೇ ಎಂದು ಕೊರಗಬೇಡಿ. ಉಳಿದವರಿಗೆ ಅದು ಬೇಡವಾಗಿತ್ತು ಎಂದರ್ಥ. ಹಳೆಯ ಪಟ್ಟಿಯಲ್ಲಿ ಆಫರ್‌ಗೆ ಒಪ್ಪಿಗೆ ಕೊಟ್ಟವರಿಗೆ, ಕಾಯ್ದೆ ಜಾರಿಯಾದ ಮೇಲೆ ಆದಷ್ಟು ಬೇಗ ಒಂದು ತಿಳಿವಳಿಕೆ ಪತ್ರ ಕಳಿಸಬೇಕು: ನಿಮ್ಮ ಯಾವ ಮಾಹಿತಿ ನಮ್ಮಲ್ಲಿದೆ, ಯಾವುದಕ್ಕೆ ಬಳಸುತ್ತೇವೆ, ಬೇಡವೆಂದರೆ ಹೇಗೆ ನಿಲ್ಲಿಸಬಹುದು, ದೂರು ಎಲ್ಲಿ ಕೊಡಬಹುದು. ಅದನ್ನು ಕನ್ನಡದಲ್ಲೂ ಓದುವ ಆಯ್ಕೆ ಇರಬೇಕು ಎಂದು ಕಾಯ್ದೆಯೇ ಹೇಳುತ್ತದೆ. ನಿಮ್ಮಲ್ಲಂತೂ ಮೊದಲು ಕನ್ನಡದಲ್ಲೇ ಬರೆಯಿರಿ. ನಿಲ್ಲಿಸುವುದು ಸೇರುವಷ್ಟೇ ಸುಲಭ ಇರಬೇಕು. ಗಲ್ಲಾದಲ್ಲಿ ಒಂದು ‘ಹೂಂ’ ಎಂದು ಸೇರಿದವರನ್ನು, ಬಿಡುವಾಗ ಲೆಟರ್ ಬರೆದುಕೊಡಿ ಎನ್ನುವ ಹಾಗಿಲ್ಲ. ‘ಬೇಡ’ ಎಂದು ಮೆಸೇಜ್ ಮಾಡಿದರೆ ಸಾಕು ಎನ್ನಿ. ಮತ್ತೆ, ಆ ‘ಬೇಡ’ಗಳನ್ನು ಮೂರೂ ಬ್ರಾಂಚ್‌ನವರು ನೋಡುವ ಒಂದೇ ಪಟ್ಟಿಯಲ್ಲಿ ಹಾಕಿ. ದಾವಣಗೆರೆಯಲ್ಲಿ ನಿಲ್ಲಿಸಿ ಹರಿಹರದಿಂದ ಕಳಿಸಿದರೆ ಗಿರಾಕಿಗೆ ಸಿಟ್ಟು ಎರಡರಷ್ಟು.

ಮಕ್ಕಳ ಬಟ್ಟೆ ಸೆಕ್ಷನ್ ಇದೆಯಾ? ಹೊಸ ಲಂಗ ಹಾಕಿದ ಪಾಪುವಿನ ಫೋಟೋ ಸ್ಟೇಟಸ್‌ಗೆ ಹಾಕುವ ಚಾಳಿ ಇದ್ದರೆ ಇವತ್ತೇ ನಿಲ್ಲಿಸಿ. ಹೊಸ ಡೇಟಾ ಕಾಯ್ದೆಯ ಪ್ರಕಾರ 18 ವರ್ಷದೊಳಗಿನವರ ಮಾಹಿತಿಗೆ ತಂದೆತಾಯಿಯ ಖಚಿತ ಒಪ್ಪಿಗೆ ಬೇಕು. ಆ ಭಾಗದ ದಂಡದ ಮೇಲ್ಮಿತಿ 200 ಕೋಟಿ.

2027ರ ಮೇ ನಂತರ ಇದೇ ಘಟನೆ ನಡೆದರೆ ಇನ್ನೊಂದು ಕೆಲಸ ಸೇರುತ್ತದೆ. ಗಿರಾಕಿಗಳ ಪಟ್ಟಿ ಹೀಗೆ ಹೊರಗೆ ಹೋಗುವುದು ಕಾಯ್ದೆಯ ಪ್ರಕಾರ ಡೇಟಾ ಉಲ್ಲಂಘನೆ. ಮಂಡಳಿಗೆ ತಡಮಾಡದೆ ತಿಳಿಸಬೇಕು, 72 ಗಂಟೆಯೊಳಗೆ ವಿವರ ಕೊಡಬೇಕು. ಆ ಪುಟದಲ್ಲಿದ್ದ ಹತ್ತೂ ಮನೆಗಳಿಗೆ ನೀವೇ ಹೇಳಬೇಕು. ಸಣ್ಣದು, ದೊಡ್ಡದು ಎಂಬ ಭೇದ ಅಲ್ಲಿಲ್ಲ. ತಿಳಿಸದೆ ಮುಚ್ಚಿಟ್ಟರೆ ಅದಕ್ಕೇ ಬೇರೆ ದಂಡ, ಅದೂ 200 ಕೋಟಿಯವರೆಗೆ. ಅಂಥ ದಿನ ಯಾರಿಗೆ ಫೋನ್ ಮಾಡಬೇಕು, ಪತ್ರ ಯಾರು ಬರೆಯುತ್ತಾರೆ ಎಂಬುದನ್ನು ಈಗಲೇ ಒಂದು ಕಾಗದದಲ್ಲಿ ಬರೆದಿಡಿ.

ಕೊನೆಗೆ ಒಂದು ಸೂಕ್ಷ್ಮ ವಿಷಯ. ವಿಚಾರಣೆಯಲ್ಲಿ ಹುಡುಗನೊಬ್ಬ ಸಿಕ್ಕಿಬೀಳಬಹುದು. ಡೆಕೋರೇಷನ್‌ನವನು ಒಂದು ನಂಬರ್‌ಗೆ ನೂರೋ ಇನ್ನೂರೋ ಕೊಟ್ಟಿರಬಹುದು. ಅವನನ್ನು ಅದೇ ದಿನ ಓಡಿಸಿಬಿಡುವ ಆಸೆ ಆಗುತ್ತದೆ. ಓಡಿಸುವ ಮೊದಲು ಯಾವ ಪುಟಗಳು, ಯಾರಿಗೆ, ಯಾವಾಗಿನಿಂದ ಎಂದು ಅವನಿಂದ ಬರೆಸಿಕೊಳ್ಳಿ. ಅವನ ಲಾಗಿನ್ ಬಂದ್ ಮಾಡಿ. ಪಟ್ಟಿ ಪಡೆದವನಿಗೆ ಅದನ್ನು ಬಳಸಬಾರದು, ಅಳಿಸಬೇಕು ಎಂದು ಲಿಖಿತವಾಗಿ ಕಳಿಸಿ. ಅವನೂ ಬರೆದುಕೊಟ್ಟರೆ ಆ ತಾಯಿಗೆ ನೀವು ಕಳಿಸುವ ಎರಡನೇ ಪತ್ರಕ್ಕೆ ತೂಕ ಬರುತ್ತದೆ. ಹುಡುಗ ಸುಮ್ನೆ ಕೆಲಸ ಬಿಟ್ಟು ಹೋದರೆ ಉತ್ತರವೂ ಅವನ ಜೊತೆ ಹೋಗುತ್ತದೆ. ಆ ಪುಟದಲ್ಲಿದ್ದ ಉಳಿದ ಒಂಬತ್ತು ಮನೆಯವರಿಗೂ ಫೋನ್ ಬಂದಿದೆಯಾ ಎಂದು ನೀವೇ ಕೇಳಿ. ಅವರು ಇನ್ನೂ ದೂರು ಕೊಟ್ಟಿಲ್ಲ, ಅಷ್ಟೇ.